ಬಸ್ಸಿನ ಕಿಟಕಿಗೆ ಹಿಡಿದ ಮೊಣಕಾಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನ್ನ ಮೊಣಕಾಲು ಕೆಟ್ಟದ್ದು ಕಬಡ್ಡಿಯಲ್ಲಲ್ಲ, ಕಬಡ್ಡಿಯ ಅಣಕದಲ್ಲಿ. ನಮ್ಮ ತಂಡದ ನಾಯಕ ಬಸಣ್ಣ ಎದುರಾಳಿಯ ಅಂಕಣಕ್ಕೆ ನುಗ್ಗಿ ಸೊಂಟ ತಿರುಗಿಸುವ ಠೀವಿಯನ್ನು ಮಮದಾಪುರದ ಬಯಲಿನಲ್ಲಿ ಮಾಡಿ ತೋರಿಸುತ್ತಿದ್ದೆ. ಸೊಂಟ ತಿರುಗಿತು, ಪಾದ ತಿರುಗಲಿಲ್ಲ; ನಡುವೆ ಸಿಕ್ಕ ಮೊಣಕಾಲು ‘ಟಕ್’ ಎಂದಿತು. ನಾನು ಚೀರಿದೆ. ಅದೂ ಅಣಕವೇ ಎಂದು ಜನ ಚಪ್ಪಾಳೆ ತಟ್ಟಿದರು.

ಇವತ್ತು ಬೆಳಿಗ್ಗೆ ವ್ಯಾಯಾಮದ ಚಾಪೆ ಎಳೆಯುವಾಗ ಕಪಾಟಿನ ಮೇಲಿನಿಂದ ಎಂಆರ್‌ಐ ಫಿಲ್ಮುಗಳ ಲಕೋಟೆ ಜಾರಿ ತಲೆಯ ಮೇಲೆ ಬಿತ್ತು. ಅದಕ್ಕೇ ಇದೆಲ್ಲ ನೆನಪಾಯಿತು ನೋಡಿ.

ಆಪರೇಷನ್ ಮಾಡಿ, ಮೊಣಕಾಲೊಳಗೆ ಹರಿದ ಲಿಗಮೆಂಟಿನ ಜಾಗಕ್ಕೆ ನನ್ನದೇ ತೊಡೆಯ ಹಿಂದಿನ ನಾರು ತೆಗೆದು ಕೂಡಿಸಿದ್ದರು. ಅದು ಹತ್ತಿತೋ ಇಲ್ಲವೋ ನೋಡಲು ಆರು ತಿಂಗಳಾದ ಮೇಲೆ ಒಂದು ಎಂಆರ್‌ಐ ಚಿತ್ರ, ವರ್ಷ ತುಂಬಿದ ಮೇಲೆ ಇನ್ನೊಂದು. ಎರಡನೆಯದು ಸರಿ ಬಂದರಷ್ಟೇ ಮತ್ತೆ ಕಬಡ್ಡಿ. ಯಂತ್ರದೊಳಗೆ ಮಿಸುಕಬಾರದು. ಅದು ಹಿಟ್ಟಿನ ಗಿರಣಿಯ ಹಾಗೆ ಗಡಗಡಿಸುವಾಗ ಅದರ ದನಿ ಅಣಕಿಸದೆ ಬಾಯಿ ಮುಚ್ಚಿಕೊಂಡಿದ್ದೆನಲ್ಲ, ನನ್ನ ಬದುಕಿನ ದೊಡ್ಡ ತಪಸ್ಸು ಅದೇ.

ನಮ್ಮ ಕಡೆ ಫಿಲ್ಮನ್ನು ಡಾಕ್ಟರಿಗಿಂತ ಮೊದಲು ಊರು ನೋಡುತ್ತದೆ. ಎರಡನೆಯ ಚಿತ್ರ ತೆಗೆಸಿಕೊಂಡು ಘಟಪ್ರಭಾದಿಂದ ಮರಳುವ ಬಸ್ಸಿನಲ್ಲಿ, ಜೊತೆಗೆ ಬಂದಿದ್ದ ನಮ್ಮ ಕಾಕಾ ಹಳೆಯದು ಹೊಸದು ಎರಡನ್ನೂ ಕಿಟಕಿಗೆ ಹಿಡಿದ. ಹಿಂದಿನ ಸೀಟಿನ ಅಜ್ಜಿ ಕನ್ನಡಕ ಏರಿಸಿ ಬಗ್ಗಿದಳು.

“ಈ ಪಟ್ಟಿ ಮೊದಲ ಬೆಳ್ಳಗ ಇತ್ತು, ಈಗ ಕರ್ರಗ ಆಗೈತಿ ನೋಡಬೇ,” ಎಂದ ಕಾಕಾ.

“ಬಾಳಿಹಣ್ಣ ಕರ್ರಗಾದ್ರ ಏನಂತೀವಿ? ಕೊಳೀತು ಅಂತೀವಿ. ಪಾಪ, ಇನ್ನ ಸಣ್ಣ ಹುಡುಗ!”

ಗೋಕಾಕ ಬರುವಷ್ಟರಲ್ಲಿ ಇಡೀ ಬಸ್ಸು ನನಗೆ ಸಮಾಧಾನ ಹೇಳಿ ಮುಗಿಸಿತ್ತು.

ಮರುದಿನ ಡಾಕ್ಟರು ಫಿಲ್ಮ್ ನೋಡಿ, ನಮ್ಮ ಮುಖ ನೋಡಿ ನಕ್ಕರು. “ಕರ್ರಗಾದ್ರನ ಚಲೋ ಅಲ್ರಿ! ಬೆಳ್ಳಗಿದ್ದಾಗ ನಾರು ಇನ್ನೂ ಎಳೇದಿತ್ತು. ಈಗ ಬಲತು ಗಟ್ಟಿ ಆಗೈತಿ.”

ಕಾಕಾ ಅಲ್ಲೇ ಕೈ ಮುಗಿದ. ನಾನು ಕುಣಿಯಲು ಎದ್ದೆ.

“ತಡೀಪಾ. ಆ ಕಾಲ ಒಂದರ ಮ್ಯಾಲೇ ಜಿಗದ ತೋರ್ಸು.”

ಜಿಗಿದೆ. ತೊಡೆ ಗಡಗಡ ನಡುಗಿ ಟೇಬಲ್ ಹಿಡಿದುಕೊಂಡೆ. ನಡುಗದೇ ಏನು? ವ್ಯಾಯಾಮ ಮಾಡಬೇಕಾದ ತಿಂಗಳುಗಳಲ್ಲಿ, ಅದನ್ನು ಕಲಿಸಿದ ಮೇಡಂ ಗದರುವುದನ್ನು ಅಣಕಿಸಿ ಅವ್ವನನ್ನು ನಗಿಸುತ್ತ ಕೂತಿದ್ದೆ.

“ಆದ್ರೂ ಫಿಲ್ಮ್ ಪಾಸ್ ಆಗೈತಲ್ರಿ ಸರ್. ಮುಂದಿನ ವಾರ ಆಡ್ಲೇನ್ರಿ?”

ಡಾಕ್ಟರು ಲಕೋಟೆಯನ್ನು ಕಾಕಾನ ಕೈಗಿಟ್ಟರು.

“ಹಂಗಾರ ಕಬಡ್ಡಿ ಆಡಾಕ ಈ ಫಿಲ್ಮ್ ಕಳಸ್ರಿ ಕಾಕಾ. ಇಂವಾ ಮನ್ಯಾಗ ವ್ಯಾಯಾಮ ಮಾಡ್ಲಿ.”