ಹಿತ್ತಾಳೆ ತಲೆಯ ಯಂತ್ರ

ಮೊದಲನೆಯ ಯಂತ್ರ ಏಳನೇ ಭಾನುವಾರಕ್ಕೆ ಕೈಕೊಟ್ಟಿತು. ಕಾರಿನ ಮುಂದಿನ ಎರಡು ಚಕ್ರ ತೊಳೆದಾಗಿತ್ತು, ಹಿಂದಿನದಕ್ಕೆ ಬಂದಿದ್ದೆ. ಮೋಟಾರಿನ ಕೂಗು ಇದ್ದಕ್ಕಿದ್ದಂತೆ ಏರಿತು, ಸುಟ್ಟ ವಾಸನೆ ಬಂತು, ಗನ್ನಿನ ತುದಿಯಿಂದ ನೀರು ಮಗುವಿನ ಜೊಲ್ಲಿನ ಹಾಗೆ ಸುರಿಯತೊಡಗಿತು. ಅರ್ಧ ಕಾರು ಹೊಳೆಯುತ್ತಿತ್ತು. ಇನ್ನರ್ಧ ಕೆಂಪು ಮಣ್ಣು ಮೆತ್ತಿಕೊಂಡು ನಿಂತಿತ್ತು.

ಅದು ನನ್ನ ಮೊದಲ ಕಾರು. ಬಾಗಲಕೋಟೆ ಕಡೆಯಿಂದ ಬಂದು ಯಲಹಂಕದ ಕಾಲೇಜೊಂದರಲ್ಲಿ ಹನ್ನೊಂದು ವರ್ಷ ಫಿಸಿಕ್ಸ್ ಪಾಠ ಮಾಡಿದ ಮೇಲೆ, ನಲವತ್ತೆರಡನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಕೊಂಡ ಸೆಕೆಂಡ್ ಹ್ಯಾಂಡ್ ಬಿಳಿ ಕಾರು. ಬೆಂಗಳೂರಿನ ಉತ್ತರದ ಅಂಚಿನ ಸಿಂಗಾಪುರ ಬಡಾವಣೆಯಲ್ಲಿ ನಾವಿರುವ ರಸ್ತೆಯ ಎರಡೂ ಬದಿ ಮನೆ ಕಟ್ಟುತ್ತಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಮೇಲೆ ಸಿಮೆಂಟಿನ ಧೂಳು, ಅದರ ಮೇಲೆ ಹಕ್ಕಿ ಹಿಕ್ಕೆ. ಬಟ್ಟೆಯಲ್ಲಿ ಒರೆಸಿದರೆ ಮರಳು ಉಜ್ಜಿ ಗೀರು ಬೀಳುತ್ತಿತ್ತು. ಅದಕ್ಕೇ ಫೋನಿನಲ್ಲಿ ನೋಡಿ ಒಂದು ಪ್ರೆಶರ್ ವಾಷರ್ ತರಿಸಿದ್ದೆ. ಆಟದ ಸಾಮಾನಿನಷ್ಟು ಹಗುರ, ನೋಡಲು ಚೆಂದ.

"ಕಾರ್ ತೊಳ್ಯಾಕ ಒಂದು ಬಕೀಟು ಸಾಲೂದಿಲ್ಲೇನು?" ಎಂದು ಆಗಲೇ ನನ್ನ ಗಂಡ ಕೇಳಿದ್ದರು. ಪೀಣ್ಯದ ಫ್ಯಾಕ್ಟರಿಯಲ್ಲಿ ವಾರವಿಡೀ ಯಂತ್ರಗಳ ನಡುವೆ ಇರುವ ಅವರಿಗೆ ಮನೆಯಲ್ಲಿ ಇನ್ನೊಂದು ಬೇಕಿರಲಿಲ್ಲ. ಆ ಭಾನುವಾರ ಅವರು ಡ್ಯೂಟಿಗೆ ಹೋಗಿದ್ದರು, ನನ್ನ ಪುಣ್ಯ.

ಸುಟ್ಟ ವಾಸನೆಗೆ ಹೊರಗೆ ಬಂದವರು ಕೆಳಗಿನ ಮನೆಯ ಒಡತಿ. ಎಪ್ಪತ್ತು ದಾಟಿದ ಹೆಂಗಸು, ನಾವು ಅಮ್ಮ ಎಂದೇ ಕರೆಯುತ್ತಿದ್ದೆವು. ಸಿಂಗಾಪುರ ಇನ್ನೂ ಊರಾಗಿದ್ದಾಗಿನಿಂದ ಅಲ್ಲಿರುವ ಒಕ್ಕಲು ಮನೆತನ. ನಾವು ಅವರ ಮೇಲಿನ ಮನೆಯಲ್ಲಿ ಬಾಡಿಗೆಗೆ ಇದ್ದು ಐದು ವರ್ಷ ಆಗಿತ್ತು. ಅಷ್ಟು ದಿನದಲ್ಲಿ ಹಾಲು, ನೀರು, ಕಸದ ಗಾಡಿ ಬಿಟ್ಟರೆ ನಾವಿಬ್ಬರೂ ಹೆಚ್ಚು ಮಾತಾಡಿದ್ದಿಲ್ಲ.

ಅವರು ಸೀರೆ ನೆರಿಗೆ ಎತ್ತಿ ಸಿಕ್ಕಿಸಿ ಯಂತ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತರು. "ಒಂದ್ ಸ್ಕ್ರೂಡ್ರೈವರ್ ತತ್ತಾ ಟೀಚರಮ್ಮ" ಅಂದರು.

ತಂದುಕೊಟ್ಟೆ. ಪ್ಲಗ್ ಕಿತ್ತಿದ್ದೇನಾ ಎಂದು ಎರಡು ಸಲ ಕೇಳಿದರು. ಆಮೇಲೆ ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದು, ಒಳಗಿನ ಪಂಪಿನ ಭಾಗವನ್ನು ಬೆರಳಲ್ಲಿ ತಟ್ಟಿದರು. ಟಪ್ ಟಪ್ ಎಂದಿತು.

"ನೋಡು, ತಲೆ ಪೂರ್ತಿ ಪ್ಲಾಸ್ಟಿಕ್ಕು. ಇಲ್ಲಿ ಸೀಳೋಗೈತೆ. ನೀರು ಅಷ್ಟು ಜೋರಾಗಿ ಒದಿಯೋ ಜಾಗ ಇದು. ಇತ್ತಾಳೆ ಇರ್ಬೇಕು ಕಣಮ್ಮ. ಇಲ್ದಿದ್ರೆ ಎಷ್ಟ್ ದಿನ ತಡಕೊಂಡಾತು?"

ನಾನು ಬಾಯಿ ತೆರೆದು ನೋಡುತ್ತಿದ್ದೆ. "ಅಮ್ಮಾರ, ನಿಮಗಿದೆಲ್ಲಾ ಹ್ಯಾಂಗ ಗೊತ್ರಿ?"

"ಯಾಕ್ ಅಂಗೆ ನೋಡ್ತೀಯ? ಇಪ್ಪತ್ತು ವರ್ಷ ದ್ರಾಕ್ಷಿಗೆ ಔಸ್ದಿ ಒಡ್ದೋಳು ನಾನು."

ಅಲ್ಲೇ ಮೆಟ್ಟಿಲ ಮೇಲೆ ಕೂತು ಹೇಳಿದರು. ನಾವಿರುವ ಮನೆ, ಅದರ ಹಿಂದಿನ ಎರಡು ರಸ್ತೆ, ಅಲ್ಲಿನ ಅಪಾರ್ಟ್‌ಮೆಂಟು, ಎಲ್ಲವೂ ಅವರ ದ್ರಾಕ್ಷಿ ತೋಟವಾಗಿತ್ತಂತೆ. ಗಂಡನಿಗೆ ಔಷಧಿಯ ವಾಸನೆ ಬಂದರೆ ಉಬ್ಬಸ. ಆದ್ದರಿಂದ ಪಂಪ್‌ಸೆಟ್ಟು, ಔಷಧಿ ಹೊಡೆಯುವ ಎಂಜಿನ್ನು, ನೂರಾರು ಅಡಿ ಪೈಪು ಎಲ್ಲ ಇವರ ಕೈಗೆ ಬಂತು. ಮೈಲುತುತ್ತ, ಸುಣ್ಣ ಕಲಸಿದ ನೀಲಿ ನೀರನ್ನು ಚಪ್ಪರದ ಕೆಳಗೆ ನಿಂತು ಎಲೆಗಳ ಹೊಟ್ಟೆಗೆ ಹೊಡೆಯಬೇಕು. ಮೈಲುತುತ್ತ ಕಬ್ಬಿಣವನ್ನೂ ತಿನ್ನುತ್ತದೆ, ಸುಣ್ಣ ನಾಝಲ್ಲಿನ ಬಾಯಿ ಕಟ್ಟುತ್ತದೆ. ವಾರಕ್ಕೊಮ್ಮೆ ಪಂಪು ಬಿಚ್ಚಿ ತೊಳೆದು ಜೋಡಿಸದೆ ಗತಿಯಿರಲಿಲ್ಲ. ಊರಿನಲ್ಲಿ ಯಾರ ಎಂಜಿನ್ ನಿಂತರೂ ಇವರನ್ನೇ ಕರೆಯುತ್ತಿದ್ದರಂತೆ.

"ಈ ಸಲ ಫೋನಲ್ಲಿ ತರಿಸ್ಬೇಡ. ಅಂಗಡಿಗೆ ಓಗಾಣ. ನಾನೂ ಬತ್ತೀನಿ" ಅಂದರು. ಅವರ ಮುಖ ನೋಡಿ ನನಗೂ ಹುರುಪು ಬಂತು. ಮುಂದಿನ ಶನಿವಾರಕ್ಕೇ ಹೊರಟೆವು.

ಆ ತನಕ ನಾನು ಕಾಲೇಜು, ಮನೆ ಬಿಟ್ಟು ಬೇರೆ ದಾರಿಯಲ್ಲಿ ಕಾರು ಓಡಿಸಿದವಳೇ ಅಲ್ಲ. ನಾಗಸಂದ್ರದ ಮೆಟ್ರೊ ಸ್ಟೇಷನ್ ಹತ್ತಿರ, ತುಮಕೂರು ರಸ್ತೆಯ ಬದಿಯಲ್ಲಿ, ಪಂಪು ಮೋಟಾರು ಮಾರುವ ದೊಡ್ಡ ಅಂಗಡಿಯಿದೆ ಎಂದು ಗಂಡ ಹೇಳಿದ್ದರು. ಅಮ್ಮ ಜರಿಯಂಚಿನ ಸೀರೆ ಉಟ್ಟು, ತಲೆಗೆ ಕನಕಾಂಬರ ಮುಡಿದು ಮುಂದಿನ ಸೀಟಿನಲ್ಲಿ ಕೂತರು. ಅಬ್ಬಿಗೆರೆ ದಾಟುವವರೆಗೆ ಬಾಗಿಲ ಮೇಲಿನ ಹಿಡಿಯನ್ನು ಬಿಡಲಿಲ್ಲ. ಆಮೇಲೆ ಧೈರ್ಯ ಬಂದು, "ಆ ಲಾರಿನ ದಾಟ್ಸು, ಅವನೇನ್ ದೊಡ್ಡ ಮನ್ಸ" ಎಂದು ನನಗೇ ಹೇಳತೊಡಗಿದರು. ನಾನು ದಾಟಿಸಿದೆ. ಲಾರಿಯೊಂದನ್ನು ನಾನು ದಾಟಿಸಿದ್ದು ಅದೇ ಮೊದಲು. ಹಾಡು ಹೇಳಬೇಕೆನ್ನುವಷ್ಟು ಖುಷಿಯಾಗಿತ್ತು.

ಅಂಗಡಿಯವರು ಐವತ್ತರ ಆಸುಪಾಸಿನ ಮನುಷ್ಯ. ಕಪಾಟಿನ ತುಂಬ ವಾಷರ್‌ಗಳನ್ನು ಸಾಲಾಗಿ ಜೋಡಿಸಿದ್ದರು. "ಮೇಡಂ, ಇದು ನೂರಾ ಎಂಬತ್ತು ಬಾರ್ ಪ್ರೆಶರ್. ಇದನ್ನ ತಗೊಳ್ಳಿ, ಈಗ ಇದೇ ಓಡ್ತಿರೋದು" ಎಂದು ಒಂದು ಮಿರುಗುವ ಯಂತ್ರ ಇಳಿಸಿದರು.

ಅಮ್ಮ ಅದನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ ಕೆಳಗಿಟ್ಟರು. "ತಲೆ ಯಾವುದ್ರುದು?"

"ತಲೆ ಅಂದ್ರೆ?"

"ಪಂಪಿನ ತಲೆ. ಇತ್ತಾಳೆನೋ, ಪ್ಲಾಸ್ಟಿಕ್ಕೋ?"

ಅವರು ಅಮ್ಮನ ಕನಕಾಂಬರ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಸ್ವಲ್ಪ ನಿಧಾನವಾಗಿ, "ಇದು ಪ್ಲಾಸ್ಟಿಕ್ ಅಮ್ಮ. ಅಲ್ಯುಮಿನಿಯಮ್ಮಿಂದೂ ಇದೆ, ಹಿತ್ತಾಳೆದೂ ಇದೆ. ಅದು ಭಾರ" ಅಂದರು.

"ಭಾರ ಇರ್ಲಿ. ನಾನೇನ್ ಅದನ್ನ ತಲೆಮ್ಯಾಲೆ ಒತ್ಕೊಂಡ್ ತಿರುಗ್ತೀನಾ?"

ಈಗ ನನ್ನ ಸರದಿ. ಡಬ್ಬದ ಮೇಲೆ ಬರೆದ ಬಾರ್ ಲೆಕ್ಕ ಒಂದೇ ಸಾಲದು, ನಿಮಿಷಕ್ಕೆ ಎಷ್ಟು ನೀರು ತಳ್ಳುತ್ತದೆ ಎಂಬುದೂ ಮುಖ್ಯ ಎಂದು ತರಗತಿಯಲ್ಲಿ ಹೇಳುವ ಹಾಗೆ ಹೇಳಿದೆ. ಎರಡು ಯಂತ್ರ ಓಡಿಸಿ ತೋರಿಸಿ ಎಂದು ಕೇಳಿದೆ. ಅವರು ಮೊದಲು ಬೇಸರ ಮಾಡಿಕೊಂಡರು. ಆದರೆ ಅಂಗಡಿಯ ಹಿಂದೆ ನಲ್ಲಿ, ಪ್ಲಗ್ಗು ಎರಡೂ ಇದ್ದವು. ಮಿರುಗುವ ಯಂತ್ರವನ್ನೂ ಹಿತ್ತಾಳೆ ತಲೆಯದನ್ನೂ ಪಕ್ಕಪಕ್ಕ ಇಟ್ಟು ಚಾಲೂ ಮಾಡಿದರು. ನಾನು ಫೋನಿನಲ್ಲಿ ಸೆಕೆಂಡು ಎಣಿಸುತ್ತ ಬಕೀಟು ತುಂಬಿಸಿದೆ. ಹಿತ್ತಾಳೆ ತಲೆಯದು ಬೇಗ ತುಂಬಿತು. ಸಬ್‌ಮರ್ಸಿಬಲ್ ಪಂಪು ಕೊಳ್ಳಲು ಬಂದಿದ್ದ ಇಬ್ಬರು ತಮ್ಮ ಕೆಲಸ ಬಿಟ್ಟು ನಮ್ಮ ಹಿಂದೆ ಬಂದು ನಿಂತರು.

"ನಿಲ್ಲಿಸ್ಬೇಡಿ, ಓಡ್ಲಿ" ಅಂದರು ಅಮ್ಮ. ಸೊಂಟದ ಚೀಲದಿಂದ ಎಲೆ ಅಡಿಕೆ ತೆಗೆದು, ಸುಣ್ಣ ಸವರಿ, ಮಡಿಸಿ ಬಾಯಿಗಿಟ್ಟು ನಿಧಾನವಾಗಿ ಜಗಿದರು. ಅದು ಮುಗಿಯುವವರೆಗೆ ಎರಡೂ ಯಂತ್ರ ಓಡಬೇಕು. ಮಿರುಗುವುದು ಮಿಕ್ಸಿಯ ಹಾಗೆ ಕಿರುಚುತ್ತಿತ್ತು. ಇನ್ನೊಂದು ಇಂಡಕ್ಷನ್ ಮೋಟಾರಿನದು, ಅದರ ಸದ್ದು ಮನೆಯ ಸಂಪಿನ ಮೋಟಾರಿನಷ್ಟು ತಗ್ಗಿತ್ತು. ಎಲೆ ಮುಗಿದ ಮೇಲೆ ಅಮ್ಮ ಎರಡರ ಮೈಮೇಲೂ ಅಂಗೈ ಇಟ್ಟು ನೋಡಿದರು.

"ಇದಕ್ಕೆ ಜ್ವರ ಬಂದೈತೆ. ಇದು ಆರಾಮಾಗೈತೆ."

ಮಾತು ಮುಗಿಯುವಷ್ಟರಲ್ಲಿ ಜ್ವರದ ಯಂತ್ರ ತಾನಾಗಿ ನಿಂತಿತು. "ಬಿಸಿ ಜಾಸ್ತಿಯಾದ್ರೆ ಅದೇ ಕಟ್ ಆಗುತ್ತೆ, ಸೇಫ್ಟಿಗೆ" ಎಂದು ಅಂಗಡಿಯವರು ಹೇಳಿದರು. ಹಿಂದೆ ನಿಂತಿದ್ದವರಲ್ಲಿ ಒಬ್ಬ, "ನಿಲ್ಲದೇ ಇರೋದೇ ಕೊಡಿ ಗುರು" ಅಂದ. ಎಲ್ಲರೂ ನಕ್ಕರು. ಅಂಗಡಿಯವರೂ ನಕ್ಕರು.

ಆಗ ಅಮ್ಮ ಕೇಳಿದ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. "ನಿಮ್ಮ ಅಂಗಡಿ ಮುಂದೆ ತೊಳಿಯಾಕೆ ನೀವು ಯಾವುದು ಇಟ್ಕೊಂಡಿದ್ದೀರ?"

ಅಂಗಡಿಯವರು ಗೋಣಿಚೀಲ ಸರಿಸಿ ಮೂಲೆಯಿಂದ ಒಂದನ್ನು ಎಳೆದು ತಂದರು. ಬಣ್ಣ ಹೋಗಿತ್ತು, ಒಂದು ಚಕ್ರಕ್ಕೆ ತಂತಿ ಸುತ್ತಿತ್ತು. "ಇದು ಆರು ವರ್ಷದಿಂದ ಇದೆ ಅಮ್ಮ. ಸುಳ್ಳು ಹೇಳಲ್ಲ. ಒಳಗಿನ ರಬ್ಬರ್ ಸೀಲ್ ಮಾತ್ರ ಎರಡು ಸಲ ಬದಲಾಯಿಸಿದೀನಿ. ಇದೇ ಮಾಡೆಲ್ ಹೊಸದು ಒಂದು ಗೋಡೌನಲ್ಲಿದೆ. ನೋಡೋಕೆ ಚೆನ್ನಾಗಿಲ್ಲ ಅಂತ ಯಾರೂ ಕೇಳಲ್ಲ."

ಅದೂ ಹಿತ್ತಾಳೆ ತಲೆಯದೇ. ಡಬ್ಬದ ಮೇಲಿನ ಬಾರ್ ಸಂಖ್ಯೆ ಎಲ್ಲಕ್ಕಿಂತ ಕಡಿಮೆ, ತೂಕ ಎಲ್ಲಕ್ಕಿಂತ ಹೆಚ್ಚು. ಪೈಪು, ಗನ್ನು, ನಾಝಲ್ ಒಂದೊಂದೂ ಬಿಡಿಯಾಗಿ ಸಿಗುತ್ತವೆ ಎಂದು ಖಾತ್ರಿ ಮಾಡಿಕೊಂಡು, ಒಂದು ಜೊತೆ ಸೀಲನ್ನೂ ಅದರ ಜೊತೆಗೇ ತೆಗೆದುಕೊಂಡೆವು. ಬೋರ್‌ವೆಲ್ಲಿನ ಗಡಸು ನೀರಿಗೆ ಅದು ಬೇಕೇ ಬೇಕು ಎಂದು ಅಮ್ಮ ಹಟ ಹಿಡಿದರು. ಅಂಗಡಿಯವರು ತಾವೇ ಕಾರಿನವರೆಗೂ ಎತ್ತಿ ತಂದು ಡಿಕ್ಕಿಯಲ್ಲಿಟ್ಟರು. "ಅಮ್ಮಂಗೆ ಬಿಡುವಿದ್ರೆ ನಮ್ಮ ಅಂಗಡೀಲಿ ಕೂರಕ್ಕೆ ಹೇಳಿ ಮೇಡಂ" ಅಂದರು.

ಮನೆಗೆ ಬಂದ ಮೇಲೆ ಊಟಕ್ಕೂ ಮನಸ್ಸಾಗಲಿಲ್ಲ. ನಲ್ಲಿಗೆ ಪೈಪು ಸಿಕ್ಕಿಸಿ ಗನ್ನನ್ನು ನಾನೇ ಅಮ್ಮನ ಕೈಗೆ ಕೊಟ್ಟೆ. ಅವರು ಕೂಡಲೇ ಒತ್ತಲಿಲ್ಲ. ಕಾಲು ಅಗಲಿಸಿ ನಿಂತು, ಪೈಪನ್ನು ಎಡಭುಜದ ಮೇಲೆ ಹಾಕಿಕೊಂಡು, ನೆಲದ ಕಡೆ ಒಂದು ಸಲ ಹೊಡೆದು ಒದೆತ ಎಷ್ಟಿದೆ ಎಂದು ನೋಡಿಕೊಂಡರು. ತೋಟ ಮಾರಿದ ಮೇಲೆ ಇಂಥದ್ದನ್ನು ಹಿಡಿದೇ ಇರಲಿಲ್ಲವಂತೆ. ಆದರೂ ಆ ನಿಲುವು ಹಾಗೇ ಇತ್ತು. ನಾನು ಏಳು ಭಾನುವಾರ ಬೆನ್ನು ಬಗ್ಗಿಸಿ ನೋಯಿಸಿಕೊಂಡಿದ್ದೆ.

"ಮೊಳದಷ್ಟು ಅತ್ರ ಇಡಿಬೇಡ, ಬಣ್ಣ ಎದ್ದೋಗ್ತದೆ. ಒಂದ್ ಮಾರು ದೂರದಿಂದ, ಓರೆಯಾಗಿ" ಎನ್ನುತ್ತ ಕಾರಿನ ಒಂದು ಬದಿ ತೊಳೆದು ತೋರಿಸಿದರು. ಇನ್ನೊಂದು ಬದಿ ನಾನು ತೊಳೆದೆ. ಚಕ್ರದ ಸಂದಿಯಲ್ಲಿ ಯಾವ ಕಾಲದ್ದೋ ಗಟ್ಟಿಯಾಗಿದ್ದ ಮಣ್ಣು ಚಕ್ಕೆ ಚಕ್ಕೆಯಾಗಿ ಉದುರುವುದನ್ನು ನೋಡುತ್ತ ಇಬ್ಬರೂ ಮೈಮರೆತೆವು. ಕಾರು ಮುಗಿಯಿತು, ಮೆಟ್ಟಿಲು ಮುಗಿಯಿತು. ಗೇಟಿನ ಪಕ್ಕದ ಬೇಲಿ ಉಳಿದಿತ್ತು.

ಆ ಬೇಲಿ ಸಾಲು ಕಲ್ಲುಕಂಬಗಳದು. ವರ್ಷವರ್ಷ ಬಳಿದ ಸುಣ್ಣ, ಅದರ ಮೇಲೆ ಪಾಚಿ. ನೀರು ತಾಗಿದ್ದೇ ಸುಣ್ಣ ಹಪ್ಪಳದ ಹಾಗೆ ಏಳತೊಡಗಿತು. ಒಳಗಿನ ಕಲ್ಲು ಕಪ್ಪಾಗಿರಬಹುದು ಅಂದುಕೊಂಡಿದ್ದೆ. ಬಿಸಿಲಿಗೆ ತಿಳಿನೀಲಿ ಕಾಣಿಸಿತು. ಮೈಲುತುತ್ತದ ಕಲೆ. ದ್ರಾಕ್ಷಿ ಚಪ್ಪರ ಹೊತ್ತಿದ್ದ ಕಂಬಗಳು ಅವು.

ಅಮ್ಮ ಗನ್ನು ನನ್ನ ಕೈಗಿಟ್ಟು ಕಂಬದ ಹತ್ತಿರ ಹೋದರು. ಎದೆಮಟ್ಟದಲ್ಲಿ ಉಳಿಯಿಂದ ಕೆತ್ತಿದ ಗೀಟುಗಳಿದ್ದವು. ಬೆರಳಿಟ್ಟು ಒಂದೊಂದೇ ಎಣಿಸಿದರು. "ಏಳು" ಅಂದರು. ಮಳೆ ಬಂದು ಔಷಧಿ ಅರ್ಧಕ್ಕೆ ನಿಂತರೆ ಯಾವ ಸಾಲಿನವರೆಗೆ ಆಗಿದೆ ಎಂದು ತಿಳಿಯಲು ಪ್ರತಿ ಸಾಲಿನ ಮೊದಲ ಕಂಬಕ್ಕೆ ಸಾಲಿನ ಸಂಖ್ಯೆಯಷ್ಟು ಗೀಟು ಇವರೇ ಹೊಡೆಸಿದ್ದರಂತೆ. ಮುಂದಿನ ಕಂಬಕ್ಕೆ ನಾನು ನೀರು ಹಾಯಿಸಿದೆ. ಮೂರು. ಅದರ ಪಕ್ಕದ್ದು ಹನ್ನೊಂದು.

"ನೋಡು, ಬೇಲಿ ಆಕಿದೋರು ಎಲ್ಲಾ ಕಲಸ್ಬುಟ್ಟವ್ರೆ" ಎಂದು ಅಮ್ಮ ನಕ್ಕರು. ನಗುತ್ತಲೇ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡರು. ಮುಖದ ಮೇಲೆ ಪೈಪಿನ ನೀರೂ ಇತ್ತು. ಬಾವಿ ಕಡೆಯ ಹನ್ನೊಂದನೇ ಸಾಲಿನ ಹಣ್ಣು ಎಲ್ಲಕ್ಕಿಂತ ಸಿಹಿ ಎಂದು ಹೇಳಿದರು. ಆ ಸಾಲಿದ್ದ ಜಾಗ ಯಾವುದೆಂದು ಕೈ ಚಾಚಿ ತೋರಿಸಿದರು. ಅಲ್ಲಿ ಈಗ ಅಪಾರ್ಟ್‌ಮೆಂಟಿನ ಲಿಫ್ಟ್ ಇದೆ.

ಸಂಜೆ ಡ್ಯೂಟಿ ಮುಗಿಸಿ ಬಂದ ಗಂಡ ಗೇಟಿನಲ್ಲೇ ನಿಂತರು. "ಇದು ನಮ್ಮ ಮನೀನ ಹೌದಿಲ್ಲೋ?" ಅಂದರು. ನಾವಿಬ್ಬರೂ ತೊಯ್ದು ತೊಪ್ಪೆಯಾಗಿ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದೆವು.

ಇದೆಲ್ಲ ನಡೆದು ಮೂರು ವರ್ಷವಾಯಿತು. ಯಂತ್ರ ಒಂದು ದಿನವೂ ಕೆಟ್ಟು ನಿಂತಿಲ್ಲ. ಸೀಲನ್ನು ಒಮ್ಮೆ ಬದಲಾಯಿಸಿದ್ದೇವೆ, ಅಮ್ಮ ಹೇಳಿಕೊಟ್ಟ ಹಾಗೆ ನಾನೇ ಮಾಡಿದೆ. ಕಂಬಗಳಿಗೆ ಮತ್ತೆ ಸುಣ್ಣ ಬಳಿಯುವ ಮಾತು ಯಾರೂ ಎತ್ತಿಲ್ಲ. ಬೋರ್‌ವೆಲ್ ಸೊರಗಿ ಬೀದಿಯವರೆಲ್ಲ ಟ್ಯಾಂಕರಿಗೆ ಕಾದ ಬೇಸಿಗೆಯಲ್ಲಿ ನಾವೇ ಯಂತ್ರವನ್ನು ಚೀಲದಲ್ಲಿ ಕಟ್ಟಿ ಮಂಚದ ಕೆಳಗೆ ತಳ್ಳಿದ್ದೆವು. ಕುಡಿಯುವ ನೀರಿಗೆ ಕಷ್ಟವಿದ್ದಾಗ ಕಾರು ತೊಳೆಯುವುದು ಇಬ್ಬರಿಗೂ ಸರಿ ಕಾಣಲಿಲ್ಲ. ನಾಲ್ಕು ತಿಂಗಳು ಕಾರು ಮಣ್ಣಿನ ಬಣ್ಣದಲ್ಲೇ ಕಾಲೇಜಿಗೆ ಹೋಗಿ ಬಂತು.

ಆ ವರ್ಷದ ಮೊದಲ ದೊಡ್ಡ ಮಳೆ ಸುರಿದ ಮರುದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಅಮ್ಮ ಆಗಲೇ ಸೀರೆ ಎತ್ತಿ ಸಿಕ್ಕಿಸಿಕೊಂಡು ನಿಂತಿದ್ದರು. ತಾರಸಿಯ ನೀರಿಳಿಯುವ ಪೈಪಿನ ಕೆಳಗೆ ಇಟ್ಟಿದ್ದ ಎರಡೂ ಡ್ರಮ್ಮು ತುಂಬಿ ಚೆಲ್ಲುತ್ತಿವೆ ಎಂದರು. ಡ್ರಮ್ಮಿನಿಂದ ಯಂತ್ರ ತಾನೇ ನೀರೆಳೆದುಕೊಳ್ಳುತ್ತದೆಯೇ ಎಂದು ನನಗೆ ಅನುಮಾನ.

"ಎಳಿದೇ ಏನು? ಪೈಪಿನೊಳಗೆ ಗಾಳಿ ಇಲ್ದಂಗೆ ಮೊದಲು ನೀರು ತುಂಬು. ಬಾ ಬೇಗ, ಬಿಸಿಲು ಬರಕ್ಕೆ ಮುಂಚೆ" ಎಂದು ಅವರು ಇಳಿದೇಬಿಟ್ಟರು. ನಾನು ಮಂಚದ ಕೆಳಗಿನಿಂದ ಚೀಲ ಎಳೆದುಕೊಂಡು ಬರಿಗಾಲಲ್ಲೇ ಅವರ ಹಿಂದೆ ಓಡಿದೆ.