ನಾಲ್ಕನೆಯ ಪೆಟ್ಟು

ಬೆಂಗಳೂರಿನಲ್ಲಿ ನನಗೆ ಮೊದಲ ಬಾರಿ ‘ಕೂತ್ಕೊ’ ಎಂದು ತೋರಿಸಲಾದ ಆಸನ ಒಂದು ಕಾರಿನ ಹಿಂಬದಿಯ ಸೀಟು. ಕಾರು ಮಾತ್ರ ಇರಲಿಲ್ಲ. ಶಿವಾಜಿನಗರದ ಗ್ಯಾರೇಜೊಂದರ ಎಣ್ಣೆ ಕುಡಿದ ನೆಲದ ಮೇಲೆ ಸೀಟೊಂದೇ ಗೋಡೆಗೆ ಒರಗಿತ್ತು. ಅದರೆದುರು ಮೂರು ಹಳೆಯ ಡ್ರಮ್ಮುಗಳು, ತಾಳದ ತಟ್ಟೆಯ ಬದಲಿಗೆ ಸರಪಳಿಯಲ್ಲಿ ತೂಗುಬಿಟ್ಟ ಕಾರಿನ ಚಕ್ರದ ಮುಚ್ಚಳ. ಗದಗಿನಿಂದ ಬಂದು ಎರಡು ತಿಂಗಳಾಗಿತ್ತು. ನನಗೆ ಹದಿನಾರು ವರ್ಷ.

ಗದಗಿನಲ್ಲಿ ನಮ್ಮ ಮನೆಯ ಬಾಗಿಲು ಬೆಳಿಗ್ಗೆ ತೆರೆದರೆ ಮಲಗುವಾಗಲೇ ಮುಚ್ಚುತ್ತಿತ್ತು. ತಂದೆಯವರಿಗೆ ಇಲ್ಲಿನ ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸ ಸಿಕ್ಕಿ, ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಮಹಡಿಯ ಮನೆ ಹಿಡಿದ ಮೇಲೆ, ತೆರೆದ ಬಾಗಿಲನ್ನು ಮಾಲೀಕರ ಹೆಂಡತಿಯೇ ಬಂದು ಎಳೆದುಕೊಂಡು ಹೋಗುತ್ತಿದ್ದರು. ಮೂರನೆಯ ದಿನ ಅವರು ಅಮ್ಮನನ್ನು ಕೇಳಿದರು: “ಬೆಳಗ್ಗೆ ಬೆಳಗ್ಗೆ ಏನ್ರೀ ಅದು, ತಲೆ ಮೇಲೆ ಕುಟ್ದಂಗಾಗುತ್ತೆ?”

“ರೊಟ್ಟಿ ಬಡೀತೀನ್ರಿ. ಸಪ್ಪಳ ಆಗತೈತೇನ್ರಿ? ನಾಳಿಂದ ಮೆಲ್ಲಕ ಬಡೀತೀನಿ.”

ಮರುದಿನದಿಂದ ಅಮ್ಮ ರೊಟ್ಟಿ ಬಡಿಯುವ ಹಲಗೆಯ ಕೆಳಗೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸತೊಡಗಿದಳು. ಗದಗಿನಲ್ಲಿ ಬೀದಿಗೆಲ್ಲ ಕೇಳಿಸುತ್ತಿದ್ದ ಆ ಸದ್ದು ಇಲ್ಲಿ ಪಕ್ಕದ ಕೋಣೆಗೂ ಬರದಂತಾಯಿತು.

ಕಾಲೇಜಿನಲ್ಲಿ ನನ್ನೊಂದಿಗೆ ಮಾತಾಡಿದವನು ಒಬ್ಬನೇ, ಇಮ್ತಿಯಾಜ್. ನನಗೆ ಹಾರ್ಮೋನಿಯಂ ಬರುತ್ತದೆಂದು ತಿಳಿದು ಅವನು, “ಕೀಬೋರ್ಡೂ ಅದೇ ಅಲ್ವಾ ಗುರು? ಬಾ” ಎಂದು ತನ್ನ ತಂದೆಯ ಗ್ಯಾರೇಜಿಗೆ ಕರೆತಂದ. ಅಲ್ಲಿ ನಡೆಯುತ್ತಿದ್ದುದು ಟಿಂಕರಿಂಗ್. ಅಂದರೆ, ತಗ್ಗಾದ ಕಾರಿನ ತಗಡನ್ನು ಸುತ್ತಿಗೆಯಿಂದ ಬಡಿದು ಮತ್ತೆ ಎತ್ತುವ ಕೆಲಸ. ಶುಕ್ರವಾರ ಮಧ್ಯಾಹ್ನ ನಮಾಜಿಗಾಗಿ ಗ್ಯಾರೇಜು ಮುಚ್ಚುತ್ತಿತ್ತು. ಇಮ್ತಿಯಾಜ್ ಮಸೀದಿಯಿಂದ ಮರಳಿದ ಮೇಲೆ, ಮುಚ್ಚಿದ ಶಟರಿನ ಒಳಗೆ ನಮ್ಮ ಬ್ಯಾಂಡ್ ತೆರೆದುಕೊಳ್ಳುತ್ತಿತ್ತು. ಡ್ರಮ್ಮಿಗೆ ಇಮ್ತಿಯಾಜ್, ಗಿಟಾರಿಗೂ ಹಾಡಿಗೂ ಹಲಸೂರಿನ ಸೆಲ್ವಂ, ಅವನು ತನ್ನ ಚರ್ಚಿನಿಂದ ಕೇಳಿ ತಂದ ಹಳೆಯ ಕೀಬೋರ್ಡಿಗೆ ನಾನು. ಸೆಲ್ವಂ ನಮ್ಮನ್ನು ‘ಮಚ್ಚಾ’ ಎನ್ನುತ್ತಿದ್ದ. ತಮಿಳಿನಲ್ಲಿ ಅದಕ್ಕೆ ಭಾವಮೈದುನನೆಂದು ಅರ್ಥ. ದಂಡು ಪ್ರದೇಶದಲ್ಲಿ ಗೆಳೆಯರೆಲ್ಲರೂ ಒಬ್ಬರಿಗೊಬ್ಬರು ಭಾವಮೈದುನರೇ. ನನ್ನ ಹೆಸರು ಅವರಿಗೆ ಉದ್ದವೆನಿಸಿತು. ನಾನು ‘ಗದಗ್’ ಆದೆ. ಈ ಇಡೀ ಊರಿನಲ್ಲಿ ನನ್ನ ಬರವನ್ನು ಕಾಯುತ್ತಿದ್ದ ಸ್ಥಳ ಅದೊಂದೇ.

ಶಾಲೆಯಲ್ಲಿ ನಾನು ಮೇಷ್ಟರಿಗಿಂತ ಮೊದಲೇ ತಪ್ಪು ಹಿಡಿಯುತ್ತಿದ್ದ ಹುಡುಗ. ಆ ಅಭ್ಯಾಸವನ್ನು ಗ್ಯಾರೇಜಿಗೂ ಒಯ್ದೆ. ಪ್ರತಿ ಹಾಡಿನ ಮಾತ್ರೆಗಳನ್ನು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆದೆ. ತಾಳ ಜಾರಿದಲ್ಲೆಲ್ಲ ಕೆಂಪು ಶಾಯಿಯ ಗುರುತು. ಇಮ್ತಿಯಾಜನ ಮೂರು ಪೆಟ್ಟುಗಳು ಸರಿಯಾಗಿ ಬೀಳುತ್ತಿದ್ದವು. ನಾಲ್ಕನೆಯದು ಕೂದಲೆಳೆಯಷ್ಟು ತಡವಾಗುತ್ತಿತ್ತು.

“ಇವತ್ತ ಹನ್ನೊಂದ ಸಲ ತಡಾ ಆಗೈತಿ,” ಎಂದು ಓದಿ ಹೇಳುತ್ತಿದ್ದೆ.

“ಕ್ಯಾ ಗದಗ್, ಪೇಪರ್ ತಿದ್ತಾ ಇದ್ದೀಯಾ?” ಎಂದು ಇಮ್ತಿಯಾಜ್ ನಗುತ್ತಿದ್ದ.

“ಪಾಸಾದ್ನಾ ಫೇಲಾದ್ನಾ, ಅದ್ ಹೇಳು ಮಚ್ಚಾ,” ಎನ್ನುತ್ತಿದ್ದ ಸೆಲ್ವಂ.

ಒಂದು ಭಾನುವಾರ ಇಮ್ತಿಯಾಜ್ ನಮ್ಮ ಮನೆಗೆ ಊಟಕ್ಕೆ ಬಂದ. ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು, ಕಂಬಳಿಯ ಮೇಲಿನ ಆ ಮಂದ ಸದ್ದಿಗೆ ಕಿವಿಗೊಟ್ಟು, ಬೆರಳಿನಿಂದ ನೆಲದ ಮೇಲೆ ಜೊತೆ ಬಡಿದ. ಅಮ್ಮ ರೊಟ್ಟಿಯನ್ನು ತಿರುಗಿಸಲು ಕೈ ತಡೆದಾಗ ಅವನೂ ತಡೆದ. “ನಿಮ್ ಕೈ ಚೆನ್ನಾಗಿದೆ ಅಮ್ಮಾ,” ಎಂದ. ಬೆಂಗಳೂರಿಗೆ ಬಂದ ಮೇಲೆ ಅಮ್ಮ ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ನೋಡಿಯೂ ನನಗೇನೂ ತಿಳಿಯಲಿಲ್ಲ.

ಹಲಸೂರಿನ ಒಂದು ಸಭಾಂಗಣದಲ್ಲಿ ನಮ್ಮ ಮೊದಲ ಕಾರ್ಯಕ್ರಮ ನಿಶ್ಚಯವಾಯಿತು. ಅದಕ್ಕೆ ಎರಡು ದಿನ ಮುಂಚಿನ ಶುಕ್ರವಾರ, ಎಂದಿನಂತೆ ಬೀಗದ ಕೈ ನಮಗೆ ಕೊಟ್ಟು ಇಮ್ತಿಯಾಜ್ ಮಸೀದಿಗೆ ಹೋದ. ಕೀಬೋರ್ಡಿನಲ್ಲಿ ತಾನೇ ತಾಳ ಬಾರಿಸುವ ಗುಂಡಿಯೊಂದಿತ್ತು. ನಾನು ಅದನ್ನು ಒತ್ತಿದೆ. ಇಡೀ ಹಾಡಿನಲ್ಲಿ ಅದು ಒಮ್ಮೆಯೂ ಜಾರಲಿಲ್ಲ. ಕಾರ್ಯಕ್ರಮಕ್ಕೆ ಇದೇ ಸಾಕು ಎಂದೆ.

“ಅವ್ನ್ ಗ್ಯಾರೇಜಲ್ಲೇ ಕೂತ್ಕೊಂಡು ಅವ್ನನ್ನೇ ಬಿಡೋದಾ ಮಚ್ಚಾ?” ಎಂದು ಸೆಲ್ವಂ ಕೇಳಿದ. ಆದರೆ ತಡೆಯಲಿಲ್ಲ.

ಅದೇ ತಾಳಕ್ಕೆ ಮತ್ತೊಮ್ಮೆ ನುಡಿಸುತ್ತ ತಲೆಯೆತ್ತಿದರೆ, ಇಮ್ತಿಯಾಜ್ ಸಮೋಸದ ಪೊಟ್ಟಣ ಹಿಡಿದು ಶಟರಿನ ಬಳಿ ನಿಂತಿದ್ದ. ತಲೆಯ ಮೇಲಿನ ಟೋಪಿಯನ್ನು ಇನ್ನೂ ತೆಗೆದಿರಲಿಲ್ಲ. ಹಾಡು ಮುಗಿಯುವವರೆಗೂ ಕೇಳಿದ. “ಇದೊಂದ ಕಾರ್ಯಕ್ರಮಕ್ಕ ಅಷ್ಟ,” ಎಂದೆ ನಾನು.

“ತಪ್ಪೇ ಮಾಡಲ್ಲ ಅಲ್ವಾ ಅದು,” ಎಂದು ಅವನು ಪೊಟ್ಟಣವನ್ನು ಸೀಟಿನ ಮೇಲಿಟ್ಟ. “ಬಿಸಿ ಇದೆ, ತಿನ್ನಿ. ಹೋಗೋವಾಗ ಕೀ ಪಕ್ಕದಂಗಡೀಲಿ ಕೊಟ್ಬಿಡಿ.”

ಕಾರ್ಯಕ್ರಮದಲ್ಲಿ ಒಂದೂ ತಪ್ಪಾಗಲಿಲ್ಲ. ಜನ ಚಪ್ಪಾಳೆ ತಟ್ಟಿದರು.

ಮರುವಾರ ಹೋದಾಗ ಡ್ರಮ್ಮುಗಳಿದ್ದ ಜಾಗದಲ್ಲಿ ಕಾರಿನ ಬಾಗಿಲೊಂದಿತ್ತು. ಇಮ್ತಿಯಾಜ್ ಅದರ ಮುಂದೆ ಕುಳಿತು ಕೆಲಸ ಮಾಡುತ್ತಿದ್ದ. ತಗಡಿನ ಮೇಲೆ ಮೂರು ಪೆಟ್ಟು; ಅಷ್ಟರಲ್ಲಿ ಎಡಗೈಯ ಹೆಬ್ಬೆರಳು ತಗ್ಗಿನ ಮೇಲೆ ಸವರಿ, ಎಷ್ಟು ಎದ್ದಿದೆ ಎಂದು ನೋಡುತ್ತಿತ್ತು; ಬೆರಳಿಗೆ ತಿಳಿದ ಮೇಲೆಯೇ ನಾಲ್ಕನೆಯದು. ನಾನು ಕೆಂಪು ಶಾಯಿಯಲ್ಲಿ ಗುರುತಿಸಿದ್ದು ಆ ಬೆರಳನ್ನು.

“ಡ್ರಮ್ ಎಲ್ಲಿ ಹೋದುವು?” ಎಂದೆ.

“ಕೊಟ್ಬಿಟ್ಟೆ.”

“ತಪ್ಪಾತು. ಮತ್ತ ಬಾರಿಸು.”

“ಬೇಡ ಗುರು. ನೀನು ಎಣಿಸ್ತೀಯ. ಯಾರೋ ಎಣಿಸ್ತಾವ್ರೆ ಅಂದ್ರೆ ಈಗ ನಂಗೆ ಕೈನೇ ಬರಲ್ಲ.”

ನಾನು ಸಂಗೀತಗಾರನಾದೆ. ಇಂದಿರಾನಗರದ ಸ್ಟುಡಿಯೊಗಳಲ್ಲಿ ಕಿವಿಗೆ ಯಂತ್ರದ ಟಿಕ್‌ಟಿಕ್ ಸಿಕ್ಕಿಸಿಕೊಂಡು ಕೀಬೋರ್ಡ್ ನುಡಿಸುತ್ತೇನೆ. ತಾಳ ತಪ್ಪದವನೆಂದೇ ನನ್ನನ್ನು ಕರೆಯುತ್ತಾರೆ. ಕೆ.ಆರ್. ಪುರದಲ್ಲಿ ಸ್ವಂತ ಮನೆಯಿದೆ. ಕೆಳಗೆ ಯಾರೂ ಇಲ್ಲ. ಆದರೂ ಅಮ್ಮ ಹಲಗೆಯ ಕೆಳಗೆ ಕಂಬಳಿ ಹಾಸುತ್ತಾಳೆ. ಬೇಡವೆಂದರೆ, “ಇರಲಿ ಬಿಡು, ನಮ್ಮೂರಲ್ಲ, ಮಂದಿ ಊರು,” ಎನ್ನುತ್ತಾಳೆ. ಗದಗಿಗೆ ಹೋದಾಗ ಅಲ್ಲಿಯವರೆಲ್ಲ ನನ್ನನ್ನು ಬೆಂಗಳೂರಿನವನೆಂದು ಕುರ್ಚಿ ಹಾಕಿ ಕೂರಿಸುತ್ತಾರೆ. ಗದಗಿನವನೆಂದು ನನ್ನನ್ನು ಕರೆಯುವವನು ಜಗತ್ತಿನಲ್ಲಿ ಒಬ್ಬನೇ ಉಳಿದಿದ್ದಾನೆ.

ಕಳೆದ ತಿಂಗಳು ಶಿವಾಜಿನಗರದ ಆ ಗ್ಯಾರೇಜಿಗೆ ಹೋಗಿದ್ದೆ. ಇಮ್ತಿಯಾಜನ ಗಡ್ಡ ಬೆಳ್ಳಗಾಗಿದೆ. “ಕ್ಯಾ ಗದಗ್, ಕೂತ್ಕೊ,” ಎಂದ. ಬೇರೆ ಯಾವುದೋ ಕಾರಿನ ಸೀಟು, ಅದೇ ಗೋಡೆ. ಅವನು ಸುತ್ತಿಗೆ ಎತ್ತಿಕೊಂಡು ಕೆಲಸ ಮುಂದುವರಿಸಿದ. ಮೂರು, ಬೆರಳು, ನಾಲ್ಕು. ಅದನ್ನು ಕೇಳುವುದಕ್ಕೆಂದೇ ನಾನು ಹೋಗಿದ್ದೆ.

ಸುತ್ತಿಗೆ ತಟ್ಟನೆ ನಿಂತಿತು. ಅವನು ನನ್ನ ಪಾದವನ್ನು ನೋಡುತ್ತಿದ್ದ. ಅದು ನನಗೇ ಅರಿವಿಲ್ಲದೆ ನೆಲವನ್ನು ತಟ್ಟುತ್ತಿತ್ತು.

“ಎಣಿಸ್ತಾ ಇದ್ದೀಯಾ?”

“ಇಲ್ಲ,” ಎಂದೆ.

ಅವನು ಸುತ್ತಿಗೆಯನ್ನು ಕೆಳಗಿಟ್ಟು, ಇಬ್ಬರಿಗೂ ಚಹಾ ಹೇಳಿದ. ಮಕ್ಕಳ ಬಗ್ಗೆ, ಟ್ರಾಫಿಕ್ಕಿನ ಬಗ್ಗೆ ಮಾತಾಡಿದೆವು. ನಾನು ಅಲ್ಲಿದ್ದಷ್ಟು ಹೊತ್ತೂ ಅವನು ಸುತ್ತಿಗೆಯನ್ನು ಮತ್ತೆ ಕೈಗೆತ್ತಿಕೊಳ್ಳಲಿಲ್ಲ.