ತುಳಸಿ ರಸಕ್ಕೆ ಬಾರದ ನೊಣ

ಎರಡು ಸಾವಿರದ ಇಸವಿಯ ಆಚೀಚೆ, ಮಸ್ಕತ್ತಿನಾಚೆಯ ಜಬಲ್ ಅಖ್ದರ್ ಬೆಟ್ಟದ ಮೇಲೆ ಒಬ್ಬರು ಮುದುಕರ ಆಲಿವ್ ತೋಟಕ್ಕೆ ಹನಿ ನೀರಿನ ಪೈಪು ಎಳೆದವನು ನಾನು. ಕೆಲಸ ಮುಗಿಸಿ ಇಳಿದು ಬಂದಿದ್ದರೆ ಆಗುತ್ತಿತ್ತು, ಬಾಯಿ ಸುಮ್ಮನಿರಬೇಕಲ್ಲ! ಕೈಯಾರೆ ನೆಟ್ಟ ಗಿಡಗಳು ಮೊದಲ ಸಲ ಎಣ್ಣೆ ತೆಗೆಯುವಷ್ಟು ಕಾಯಿ ಬಿಟ್ಟಿವೆ, ನೊಣ ಬಂದರೆ ಎಲ್ಲ ಹೋಯಿತು ಎಂದು ಅವರು ಕೊರಗುತ್ತಿದ್ದರು. ಹಣ್ಣಿನ ನೊಣ ಹಿಡಿಯುವುದು ನನಗೆ ಬಿಡಿ ಎಂದುಬಿಟ್ಟೆ.

ಕುಂದಾಪುರದ ನಮ್ಮ ಮನೆಯಲ್ಲಿ ತುಳಸಿ ಎಲೆ ಜಜ್ಜಿ, ವಿಷ ಬೆರೆಸಿ, ತೆಂಗಿನ ಗೆರಟೆಯಲ್ಲಿಟ್ಟು ಮಾವಿನ ಮರಕ್ಕೆ ನೇತುಹಾಕುತ್ತಿದ್ದರು. ನೊಣಗಳು ಮುತ್ತಿ ಸಾಯುತ್ತಿದ್ದವು. ಹಾಗಾಗಿ ಪ್ರತಿ ಶುಕ್ರವಾರ ಮಸ್ಕತ್ತಿನ ಹಮ್ರಿಯಾದಲ್ಲಿದ್ದ ನಮ್ಮ ಮನೆಯ ಬಾಲ್ಕನಿಯ ತುಳಸಿ ಕಿತ್ತುಕೊಂಡು ಬೆಟ್ಟ ಹತ್ತಿದೆ.

"ದೇವರಿಗೆ ಒಂದು ಕುಡಿ ಆದ್ರೂ ಬಿಡಿ ಮಾರಾಯ್ರೆ," ಎಂದಳು ಹೆಂಡತಿ.

ಆಲಿವ್ ಮರಗಳಿಗೆ ನೇತುಹಾಕಿದ ಗೆರಟೆಗೆ ಒಂದು ನೊಣವೂ ಬೀಳಲಿಲ್ಲ.

"ಹಸಿರಿರುವಾಗಲೇ ಕೊಯ್ಯಲಾ?" ಎಂದು ಮುದುಕರು ಹಿಂದಿಯಲ್ಲಿ ಕೇಳಿದರು. "ಎಣ್ಣೆ ಕಡಿಮೆಯಾದರೂ ಪರವಾಗಿಲ್ಲ."

"ಕಪ್ಪಾಗಲಿ ಬಾಬಾ. ನೊಣವೇ ಇಲ್ಲವಲ್ಲ," ಎಂದೆ.

ಹೇಳಿ ಬಂದೆನೇ ಹೊರತು ವಾರವಿಡೀ ಆಫೀಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಊರಿನ ಗೆರಟೆ ಯಾವತ್ತೂ ಇಷ್ಟು ಖಾಲಿ ಇದ್ದದ್ದಿಲ್ಲ. ಫೋನ್ ಮಾಡಿ ಕೊಯ್ಯಿಸಿಬಿಡಲೇ ಎಂದು ಎಷ್ಟು ಸಲ ಅನ್ನಿಸಿತು! ಮಾಡಲಿಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಮುಂದಿನ ಶುಕ್ರವಾರ ಹೋದಾಗ ಮರದ ಬುಡದಲ್ಲೆಲ್ಲ ಕಾಯಿ ಉದುರಿತ್ತು. ಮುದುಕರು ಒಂದನ್ನು ಉಗುರಿನಿಂದ ಸೀಳಿದರು, ಒಳಗೆ ಬಿಳಿ ಹುಳು. ಇನ್ನೊಂದರಲ್ಲೂ ಹುಳು. ಮಾವಿನ ನೊಣವೇ ಬೇರೆ, ಆಲಿವ್ ನೊಣವೇ ಬೇರೆ, ಇದಕ್ಕೆ ತುಳಸಿಯ ಗೊಡವೆಯೇ ಇಲ್ಲವೆಂದು ನನಗೆ ತಿಳಿದದ್ದು ಆಮೇಲೆ. ಅದು ಹೋಗಲಿ, ಅಷ್ಟು ವಾರ ಗೆರಟೆಯೊಳಗೆ ಇಣುಕಿದವನು ಒಂದೇ ಒಂದು ಕಾಯನ್ನು ಸೀಳಿ ನೋಡಿರಲಿಲ್ಲ.

ಅಷ್ಟರಲ್ಲಿ ಮಸ್ಕತ್ತಿನಿಂದ ಅವರ ಹಿರಿಯ ಮಗ ಬಂದ, ಕಾರಿನ ತುಂಬ ಎಣ್ಣೆಯ ಖಾಲಿ ಕ್ಯಾನು. ಕಾಯಿ ನೋಡಿ ಅವನ ಮುಖ ಕೆಂಪಾಯಿತು. ಕೊಯ್ಯದೆ ಕಾಯಲು ಹೇಳಿದ್ದು ಯಾರು ಎಂದು ಕೇಳಿದ. ಅಷ್ಟು ಅರಬಿ ನನಗೂ ಅರ್ಥವಾಗುತ್ತಿತ್ತು.

"ನಾನೇ," ಎಂದರು ಮುದುಕರು. "ಖಲಾಸ್."

ಅವರು ನನ್ನತ್ತ ನೋಡಲೂ ಇಲ್ಲ. "ಇಲ್ಲ, ಹೇಳಿದವನು ನಾನು" ಎನ್ನಬೇಕಿತ್ತು. ಹೇಡಿ ನಾನು, ಎನ್ನಲಿಲ್ಲ. ಮಗ ಇಳಿಸಿಟ್ಟಿದ್ದ ಕ್ಯಾನುಗಳನ್ನು ಒಂದೊಂದಾಗಿ ಎತ್ತಿ ಮತ್ತೆ ಕಾರಿಗೆ ತುಂಬಿಸಿದೆ. ಅವನು ನನ್ನ ಭುಜ ತಟ್ಟಿ ಶುಕ್ರನ್ ಎಂದು ಥ್ಯಾಂಕ್ಸ್ ಹೇಳಿದ.